ಕಂಬಳಿಯೊಳಗಿನ ಎರಡು ದನಿ

ನ್ಯಾಯವಾದ ಪರೀಕ್ಷೆಯೊಂದನ್ನು ನಡೆಸುವುದು ಕಷ್ಟವೇನಲ್ಲ ಎಂದು ನಾನು ನಂಬಿದ್ದೆ. ಭೌತಶಾಸ್ತ್ರದ ಪದವೀಧರ ನಾನು. ಸೋಲಾಪುರದ ವಿಜಾಪುರ ರಸ್ತೆಯ ನಮ್ಮ ಮನೆಯಲ್ಲಿ ಫ್ಯೂಜ್ ಹೋದರೆ ವೈರ್‌ಮನ್‌ಗೆ ಫೋನ್ ಮಾಡುವವನೂ ನಾನೇ. ಹೀಗಿರುವಾಗ ಮಾವನ ಮನೆಯಲ್ಲಿ ಆಂಪ್ಲಿಫೈಯರ್ ಜಗಳ ಹುಟ್ಟಿತೆಂದು ಕೇಳಿದಾಗ, ಇದನ್ನು ಬಗೆಹರಿಸಲೆಂದೇ ದೇವರು ನನ್ನನ್ನು ಓದಿಸಿದ್ದಾನೆ ಅನ್ನಿಸಿತು.

ಮಾವ ಮಾಳಪ್ಪನವರದು ಅಕ್ಕಲಕೋಟ ದಾಟಿ ದುಧನಿಯ ಕಡೆಗಿರುವ ಹಳ್ಳಿ. ಕುರಿ ಸಾಕುವ ಮನೆತನ. ಬೀರೋಬಾನ ಗುಡಿಯಲ್ಲಿ ಡೊಳ್ಳಿನ ಪದಕ್ಕೆ ಮೊದಲ ದನಿ ಅವರದು. ಆ ದನಿಯನ್ನು ಊರಿಗೆಲ್ಲ ಮುಟ್ಟಿಸುತ್ತ ಬಂದದ್ದು ಅವರದೇ ಹಳೆಯ ವಾಲ್ವಿನ ಆಂಪ್ಲಿಫೈಯರ್. ಒಳಗಿನ ಗಾಜಿನ ವಾಲ್ವುಗಳು ಕೆಂಪಗೆ ಕಾದ ಮೇಲಷ್ಟೇ ಅದು ಬಾಯಿ ಬಿಡುತ್ತದೆ. ಈಗ ಸೋಲಾಪುರದಲ್ಲಿರುವ ಅವರ ಮಗ ಬೀರಣ್ಣ ಟ್ರಾನ್ಸಿಸ್ಟರಿನ ಹೊಸದೊಂದನ್ನು ಗುಡಿಗೆಂದು ತಂದಿದ್ದ. ಹಗುರ, ತಣ್ಣಗಿರುತ್ತದೆ, ಬಟನ್ ಒತ್ತಿದೊಡನೆ ಹಾಡುತ್ತದೆ. ಪೂಜಾರಿಯ ಮನಸ್ಸೂ ಅದರ ಕಡೆ ವಾಲಿತ್ತು. ಮಾವ ಜಗಳವಾಡಲಿಲ್ಲ. ಒಂದೇ ಮಾತು ಹೇಳಿದರು: "ಆ ಡಬ್ಬಿ ಗುಡಿಗೆ ಬಂದ್ರ ನಾ ಹಾಡೂದಿಲ್ಲ."

ನನ್ನ ಹೆಂಡತಿ ಸುವರ್ಣಾ ಆಗಲೇ ಎಚ್ಚರಿಸಿದ್ದಳು. "ಅಪ್ಪ ಹಾಡೂದು ಬಿಟ್ರ ಮಾತಾಡೂದೂ ಬಿಡತಾನ. ನೀವು ನಡುವ ಹೋಗಬ್ಯಾಡ್ರಿ." ನಾನು ಹೋದೆ.

ನನ್ನ ಯೋಜನೆ ಸರಳವಾಗಿತ್ತು. ಒಂದೇ ಪದವನ್ನು, ಒಂದೇ ಸ್ಪೀಕರಿನಲ್ಲಿ, ಎರಡೂ ಆಂಪ್ಲಿಫೈಯರಿನಿಂದ ಸರದಿಯಂತೆ ಕೇಳಿಸುವುದು. ಕೇಳುವವರಿಗೆ ಯಾವುದು ಯಾವುದೆಂದು ತಿಳಿಯಬಾರದು. ಅಂದರೆ ಎರಡನ್ನೂ ಮುಚ್ಚಬೇಕು. ಮಾವನ ಮನೆಯಲ್ಲಿ ಕಂಬಳಿಗೆ ಬರವೇ? ದಪ್ಪನೆಯ ಎರಡು ಕರಿ ಕಂಬಳಿ ಹೊದಿಸಿ, ವಾಲ್ವಿನ ಕೆಂಪು ಬೆಳಕು ಒಂದಿಷ್ಟೂ ಹೊರಗೆ ಇಣುಕದಂತೆ ನಾಲ್ಕೂ ಕಡೆ ಬಿಗಿಯಾಗಿ ಸಿಕ್ಕಿಸಿದೆ. ಆ ಸಿಕ್ಕಿಸುವಿಕೆಯ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಊರ ಹಿರಿಯರು ಸೇರಿದರು. ಪೂಜಾರಿಯದೇ ಅಧ್ಯಕ್ಷತೆ. ಬೀರೋಬಾನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳುವ ಮಾವನ ಮೇಳದ ಪದವೊಂದು ಬೀರಣ್ಣನ ಮೊಬೈಲಿನಲ್ಲಿತ್ತು. ಇನ್ನೇನು ಶುರುವಾಗಬೇಕು, ಮಾವ ರೂಢಿಯಂತೆ ಚಿಟಿಕೆ ಅರಿಶಿನದ ಭಂಡಾರ ತೆಗೆದು ಎರಡೂ ಕಂಬಳಿಯ ಮೇಲೆ ಹಾರಿಸಿದರು. ನಾನೂ ಭಕ್ತಿಯಿಂದ ತಲೆ ಬಾಗಿಸಿದೆ. ಪದಕ್ಕೆ ಮೊದಲು ಭಂಡಾರ ಬಿದ್ದ ಕಂಬಳಿ ಗದ್ದುಗೆಯಾಗುತ್ತದೆ, ಪದ ಮುಗಿಯುವ ತನಕ ಅದನ್ನು ಎತ್ತುವಂತಿಲ್ಲ. ಇದು ಆ ಊರಿನ ಕುರಿಮರಿಗೂ ಗೊತ್ತು. ನನ್ನ ಪಠ್ಯಕ್ರಮದಲ್ಲಿ ಇರಲಿಲ್ಲ.

ಮೊದಲು ಎಡಗಡೆಯದು ಹಾಡಿತು. ಡೊಳ್ಳಿನ ಪೆಟ್ಟು ಒಂದೊಂದೂ ಬಿಡಿಬಿಡಿಯಾಗಿ ಕೇಳಿತು. ಆಮೇಲೆ ಬಲಗಡೆಯದು. ಪೆಟ್ಟು ಕೊಂಚ ಮೆತ್ತಗೆ, ದನಿಗೆ ಸಣ್ಣದೊಂದು ಕರಕರ. ಮಾವ ಕಣ್ಣು ಮುಚ್ಚಿ ಕೇಳಿದರು, ಕಣ್ಣು ತೆರೆದು ತೀರ್ಪು ಕೊಟ್ಟರು: "ಎಡಗಡೀದಕ್ಕ ಎದಿ ಐತಿ. ಬಲಗಡೀದು ಮೂಗಿನಾಗ ಹಾಡತೈತಿ. ಡಬ್ಬಿ ಡಬ್ಬೀನ."

ಬಲಗಡೆಯದು ಅವರದೇ ಆಂಪ್ಲಿಫೈಯರ್!

ಇದು ಗೊತ್ತಿದ್ದವನು ಆ ಪಡಸಾಲೆಯಲ್ಲಿ ನಾನೊಬ್ಬನೇ. ನಿಜ ಹೇಳಿದರೆ ಮಾವ ಹಾಡು ಬಿಡುತ್ತಾರೆ; ಸುಳ್ಳು ಹೇಳಿದರೆ ಭೌತಶಾಸ್ತ್ರ ನನ್ನನ್ನು ಬಿಡುತ್ತದೆ. ಗಂಭೀರ ಮುಖ ಮಾಡಿ, ಇನ್ನೊಂದು ಸುತ್ತು ಕೇಳೋಣ ಎಂದೆ; ಪದ ಮತ್ತೆ ಮೊದಲಿನಿಂದ ಶುರುವಾಯಿತು. ಹೀಗೆ ನಾನು ಸತ್ಯಾಸತ್ಯಗಳ ವಿವೇಚನೆಯಲ್ಲಿ ಮುಳುಗಿದ್ದಾಗ ಬಲಗಡೆಯ ಕಂಬಳಿಯಿಂದ ಸಣ್ಣ ಹೊಗೆಯೆದ್ದಿತು. ಮುದುಕರೊಬ್ಬರು ಕೈ ಮುಗಿದರು. ಸುಟ್ಟ ಉಣ್ಣೆಯ ವಾಸನೆ ಬಂದಾಗ ಉಳಿದವರು ಹೊರಗಿನ ಕುರಿಗಳತ್ತ ನೋಡಿದರು.

ನಾನು ಕಂಬಳಿಗೆ ಕೈ ಚಾಚಿದೆ. ಪೂಜಾರಿ ಮಣಿಕಟ್ಟು ಹಿಡಿದರು. "ಭಂಡಾರ ಬಿದ್ದೈತ್ರಿ. ಪದ ಮುಗೀಲಿ."

ಪದದಲ್ಲಿ ಬೀರೋಬಾ ಇನ್ನೂ ಹುಟ್ಟಿಯೇ ಇರಲಿಲ್ಲ.

ಅಷ್ಟರಲ್ಲಿ ಮಾವನಿಗೆ ಹೊಳೆಯಿತು. ಬಿಸಿಯಾಗುವ ಆಂಪ್ಲಿಫೈಯರ್ ಆ ಮನೆಯಲ್ಲಿ ಒಂದೇ. ಮೂಗಿನಲ್ಲಿ ಹಾಡಿದ್ದು, ಈಗ ಸುಡುತ್ತಿರುವುದು ತಮ್ಮದೇ. ಅವರ ಮುಖವನ್ನು ನಾನು ಇಂದಿಗೂ ಮರೆತಿಲ್ಲ. ಎದ್ದವರೇ ನೀರಿನ ಕೊಡ ಎತ್ತಿದರು. ಗದ್ದುಗೆ ಎತ್ತುವಂತಿಲ್ಲ, ನೀರು ಹಾಕಬಾರದೆಂದು ಯಾರೂ ಹೇಳಿರಲಿಲ್ಲವಲ್ಲ.

ಆ ವಾಲ್ವುಗಳ ಬುಡದಲ್ಲಿ ಮನೆಯ ಕರೆಂಟಿಗಿಂತ ಹೆಚ್ಚು ವೋಲ್ಟೇಜ್ ಇರುತ್ತದೆ. ನೀರು ತುಳುಕಿ ಒದ್ದೆಯಾದ ನೆಲ, ಬರಿಗಾಲು, ತಾಮ್ರದ ಕೊಡ. ಈಗಲೂ ಸ್ನಾನಕ್ಕೆ ನೀರು ಹೊಯ್ದುಕೊಳ್ಳುವಾಗ ಆ ಕೊಡ ಬಾಗುವುದು ನನಗೆ ಕಾಣುತ್ತದೆ. ತಂಬಿಗೆ ಹಿಡಿದ ಕೈ ಅಲ್ಲೇ ನಿಲ್ಲುತ್ತದೆ. ಆ ಕ್ಷಣದಲ್ಲಿ ಕೂಗಬೇಕಾಗಿದ್ದದ್ದು "ಬ್ಯಾಡ" ಎಂಬ ಒಂದೇ ಶಬ್ದ. ವಿದ್ಯಾವಂತನ ಬಾಯಿಂದ ಬಂದದ್ದು: "ಮಾವಾರ, ಮೂಲತಃ ಏನಂದ್ರ, ವಾಲ್ವಿನೊಳಗ ವಿದ್ಯುತ್ತು..."

ಟಕ್ ಎಂದು ಸದ್ದಾಯಿತು. ಪದ ನಿಂತಿತು. ಗೋಡೆಯ ಪಕ್ಕ ಕುಳಿತಿದ್ದ ಸುವರ್ಣಾ ಕರೆಂಟಿನ ಬಟನ್ ಬಂದ್ ಮಾಡಿದ್ದಳು. "ಮನಿ ಸುಡಾಕತ್ತೈತಿ, ಇವರು ಪಾಠ ಶುರು ಮಾಡ್ಯಾರ," ಎಂದಳು, ಯಾರಿಗೂ ಅಲ್ಲದಂತೆ.

ತಮ್ಮದೇ ದನಿ ನಡುವೆ ತುಂಡಾದದ್ದಕ್ಕೆ ಬೆಚ್ಚಿದ ಮಾವನ ಕೈ ಹೊರಳಿತು. ಕೊಡದ ನೀರೆಲ್ಲ ಎಡಗಡೆಯ ಕಂಬಳಿಯ ಮೇಲೆ ಸುರಿಯಿತು. ಬೀರಣ್ಣ ನನ್ನನ್ನು ನೋಡಿದ. "ದಾಜಿ, ನಂದೇನ್ ತಪ್ಪಿತ್ರಿ?" ಅಕ್ಕನ ಗಂಡನಿಗೆ ಅವನು ಅದಕ್ಕಿಂತ ಹೆಚ್ಚು ಅನ್ನುವಂತಿರಲಿಲ್ಲ.

ಹೊಸದು ಮತ್ತೆ ಉಸಿರೆತ್ತಲಿಲ್ಲ. ಹಳೆಯದು ತಣ್ಣಗಾದ ಮೇಲೆ ಏನೂ ಆಗದಂತೆ ಹಾಡಿತು. ಹೊಗೆ ಬರೀ ಉಣ್ಣೆಯದಾಗಿತ್ತು. ಬದುಕಿ ಉಳಿದದ್ದೇ ಗುಡಿಗೆ ಇರಲಿ ಎಂದು ಪೂಜಾರಿ ತೀರ್ಪು ಕೊಟ್ಟರು. ಮೂಗಿನ ಮಾತನ್ನು ಯಾರೂ ಎತ್ತಲಿಲ್ಲ. ಮಾವ ಅದೇ ವಾರ ಗುಡಿಯಲ್ಲಿ ಹಾಡಲು ಒಪ್ಪಿದರು, ಒಂದೇ ಒಂದು ಷರತ್ತಿನ ಮೇಲೆ: "ಅಳಿಯಾರಿಗೆ ದೂರ ಚಾಪಿ ಹಾಸ್ರಿ."

ಹಾಸಿದರು. ಕುರಿಹಟ್ಟಿಯ ಆಚೆ, ಬೇವಿನ ಮರದ ಕೆಳಗೆ. ವಾಲ್ವಿನ ದನಿಗೂ ಟ್ರಾನ್ಸಿಸ್ಟರಿನ ದನಿಗೂ ನಿಜವಾಗಿ ವ್ಯತ್ಯಾಸವಿದೆಯೇ ಎಂದು ಈಚೆಗೆ ಆಗಾಗ ಯಾರಾದರೂ ನನ್ನನ್ನು ಕೇಳುತ್ತಾರೆ. ನಾನು ಕುಳಿತ ಜಾಗಕ್ಕೆ ಕುರಿಗಳ ದನಿಯೇ ಹೆಚ್ಚು ಕೇಳುತ್ತದೆ.