ಹಿತ್ತಲದ ಹಗೆ

ಆವಾಗ ನನಗ ಅರವತ್ತೊಂದು. ಅದಕ್ಕ ಈಗ ಒಂಬತ್ತು ವರ್ಷಾತು. ನನ್ನ ಮೈದುನ ಮನಶ್ಯಾರ ಮಾತಿಗಿಂತ ನೆಲದ ಮಾತು ಛಲೋ ಕೇಳ್ತಿದ್ದ ಅಂದರ ನೀವು ನಗತೀರಿ. ನಗ್ರಿ! ನಾನೂ ನಕ್ಕಾಕಿನ. ನಕ್ಕು ಬಿಟ್ಟಿದ್ದರ ಪಾಡಿತ್ತು. ಎರಡು ಅಕ್ಷರ ತಪ್ಪು ತಿಳಕೊಂಡು ಆ ಮನಶ್ಯಾನ್ನ ಮನಿಯಿಂದ ಹೊರಗ ಹಾಕಿದೆ.

ಅಂವ ನನ್ನ ಗಂಡನ ತಮ್ಮ. ಕಚೇರಿಯೊಳಗ ನೆಲಾ ಪರೀಕ್ಷಾ ಮಾಡೂ ಕೆಲಸದಾಗಿದ್ದು ರಿಟೈರ್ ಆದಾ. ಉಳದವರು ರಿಟೈರ್ ಆದರ ಕಾಶಿಗೆ ಹೋಗ್ತಾರ, ಇಂವ ಒಂದು ಹಳೇ ಮಶೀನು ತಂದಾ. ಸೂಟಕೇಸಿನಂಥ ಪೆಟಗಿ, ಒಂದು ಬ್ಯಾಟರಿ, ಚೀಲದ ತುಂಬ ಕಬ್ಬಿಣದ ಗೂಟ. ಗೂಟಾನ ಸಾಲಾಗಿ ನೆಲಕ್ಕ ಬಡಿಯೂದು, ವಾಯರ್ ಕಟ್ಟೂದು, ಕರೆಂಟ್ ಬಿಡೂದು. ಕರೆಂಟ್ ಎಲ್ಲೆ ಸರಾಗ ಹರೀತೈತಿ, ಎಲ್ಲೆ ತಡೀತೈತಿ ಅಂತ ನೋಡಿ ಮಶೀನು ನೆಲದ ಹೊಟ್ಟಿಯೊಳಗಿನ ಬಣ್ಣದ ಚಿತ್ರ ಕೊಡತಿತ್ತು. ಹಸಿ ಇದ್ದಲ್ಲೆ ನೀಲಿ, ಕಲ್ಲೋ ಪೊಳ್ಳೋ ಇದ್ದಲ್ಲೆ ಕೆಂಪು.

"ಡಾಕ್ಟರು ಬಸರಿ ಹೊಟ್ಟಿ ನೋಡ್ತಾರಲ್ಲ ವೈನಿ, ಹಂಗ ಇದು" ಅಂದಾ.

"ಹಂಗಾರ ಗಂಡೋ ಹೆಣ್ಣೋ ಹೇಳಪಾ."

"ಅದನ್ನ ಹೇಳಿದರ ಜೇಲಿಗೆ ಹಾಕ್ತಾರ್ರಿ!"

ತನ್ನ ಮಗಗ ಕನ್ಯಾ ನೋಡಾಕ ಹೋದಾಗಿನ ಕಥಿ ಕೇಳ್ರಿ. ಎಲ್ಲಾರೂ ಹುಡುಗಿ ಸಾಲಿ ಏನು, ಅಡಿಗಿ ಏನು ಅಂತ ಕೇಳಾಕತ್ತಿದ್ದರ, ಇಂವ ಅವರಪ್ಪನ್ನ, "ಬೋರ್ ಹೊಡಿಸಿದಾಗ ಎಷ್ಟ ಫೂಟಿಗೆ ಕಲ್ಲು ಹತ್ತಿತ್ರಿ?" ಅಂದಾ. ಆ ಬೀಗ ಚಾದ ಕಪ್ಪು ಹಿಡಕೊಂಡು ಹೆಂಡತಿ ಮಾರಿ ನೋಡಿದಾ. ಒಳಗಿಂದ ಹುಡುಗಿನ "ನಲವತ್ತಕ್ಕರಿ" ಅಂದ್ಲು. ಹೊರಗ ಬಂದಿದ್ದ ತಡಾ, "ಸಂಬಂಧ ಮಾಡಿ ಮುಗಸ್ರಿ, ತಳಾ ಗಟ್ಟಿ ಐತಿ" ಅಂದ. ಆಕಿನ ಸೊಸಿ ಆಗಿ ಬಂದ್ಲು!

ಉಪ್ಪಿನಬೆಟಗೇರ್ಯಾಗ ಒಬ್ಬರು ಗೌಡರು ಚಿತ್ರದಾಗ ನೀಲಿ ಕಂಡಕೂಡ್ಲೆ ನೀರು ಸಿಕ್ಕಿತಂತ ಪೇಢೆ ಹಂಚಿದರು. ಇಂವ ಎರಡು ತಿಂದು, ಬಾಯಿ ಒರಸಿಕೊಂಡು, "ಇದು ನೀರಲ್ಲರಿ, ಹಸಿ ಎರಿ ಮಣ್ಣು. ಮಶೀನಿಗೆ ಎರಡೂ ನೀಲಿನ" ಅಂದಾ.

"ಅದನ್ನ ಮೊದಲ ಹೇಳಬಾರದೇನ್ರಿ?"

"ಬಾಯಾಗ ಪೇಢೆ ಇತ್ತಲ್ರಿ."

ಇಂಥಾಂವ. ಆದರ ಇಲ್ಲದ್ದನ್ನ ಐತಿ ಅಂತ ಒಂದ ದಿನಾನೂ ಹೇಳಿದಾಂವಲ್ಲ. ಅದು ನನಗ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ, ಅದನ್ನ ಈಗ ಹೇಳ್ತೇನಿ.

ನನ್ನ ಗಂಡ ತೀರಿಕೊಂಡ ಮ್ಯಾಲ ಅಮರಗೋಳದ ಹಳೇ ಮನಿ ಪಾಲಾತು. ಹಿತ್ತಲಾ ನನ್ನ ಪಾಲಿಗೆ ಬಂತು. ವಾರಕ್ಕೊಮ್ಮೆ ನಳಾ ಬರೂ ಊರಾಗ ದೊಡ್ಡ ಟಾಕಿ ಬ್ಯಾಡೇನು? ಹಿತ್ತಲದಾಗ ಸಿಮೆಂಟಿನ ಟಾಕಿ ಕಟ್ಟಸಾಕ ಹೊಂಟೆ. ಕರೀದ ಬಂದಾ ಮೈದುನ, ಗೂಟಾ ಹೊತಗೊಂಡು. ಒಣಾ ಮಣ್ಣಿನ್ಯಾಗ ಕರೆಂಟ್ ಹರೀಲೆಂತ ಗೂಟದ ಬುಡಕ್ಕ ಉಪ್ಪುನೀರು ಸುರಿಯಾಕತ್ತಾ. ನನ್ನ ಮಲ್ಲಿಗಿ ಬಳ್ಳಿ ಗತಿ ಏನಾಗಬೇಕು! ಬೈಕೋತ ದುರ್ಗದಬೈಲಿಗೆ ಸಂತಿಗೆ ಹೋದೆ. ತಿರಗಿ ಬರೂದರಾಗ ಅಂವ ಇರಲಿಲ್ಲ. ಹಿತ್ತಲ ಬಾಗಲಕ್ಕ ಒಂದು ಚೀಟಿ ಸಿಗಿಸಿದ್ದಾ.

"ವೈನಿ, ಇಲ್ಲಿ ಹಗೆ ಐತಿ. ಭಾರ ಹಾಕಬ್ಯಾಡ್ರಿ."

ನಾ ಮೂರನೇತ್ತೆಕ್ಕ ಸಾಲಿ ಬಿಟ್ಟಾಕಿ. ಅಕ್ಷರಾ ಕೂಡಿಸಿ ಕೂಡಿಸಿ ಓದಿದೆ. ಹಗೆ ಅಂದರ ನನಗ ಗೊತ್ತಿದ್ದದ್ದು ಒಂದ, ವೈರತ್ವ. ಹಿತ್ತಲಾ ನನಗ ಬಂದಿದ್ದಕ್ಕ ಇಂವಗ ಹೊಟ್ಟ್ಯಾಗ ಹಗೆ ಹುಟ್ಟೇತಿ, ನಮ್ಮ ಮ್ಯಾಲ ಭಾರ ಆಗಬ್ಯಾಡ ಅಂತ ಬರದಾನ ಅಂದಕೊಂಡೆ. ಬಾಜೂ ಮನಿಯವರಿಗೆ ತೋರಿಸಿ ಕೇಳಬೇಕಿತ್ತೋ ಬ್ಯಾಡೋ? ಕೇಳಲಿಲ್ಲ. ಚೀಟಿ ಒಲಿಗೆ ಹಾಕಿದೆ.

ಮುಂದ ಪಂಚಮಿ ಬಂತು. ಬೀಗರು ಬಿಜ್ಜರು ಎಲ್ಲಾ ಕೂಡಿದ್ರು. ಅಂವ ಉಂಡಿ ಹಿಡಕೊಂಡು ಕುಂತಿದ್ದಾ.

"ಹಗೆ ಐತಿ ಅಂತ ಬರದಾಂವ ಯಾಕ ಬಂದೀಯೋ?" ಅಂದೆ.

"ಹಗೆ ಇದ್ದಲ್ಲೆ ಹೋಗೂದ ನನ್ನ ಕೆಲಸಲ್ರೀ ವೈನಿ!" ಅಂತ ನಕ್ಕಾ.

"ಎಷ್ಟ ದಿನದಿಂದ ಐತದು?"

"ಮುತ್ಯಾನ ಕಾಲದ್ದಿರಬೇಕ್ರಿ. ಚಿಂತಿ ಮಾಡಬ್ಯಾಡ್ರಿ, ನಾಕು ಟ್ರಾಕ್ಟರ್ ಮಣ್ಣು ಹಾಕಿದರ ಮುಗೀತು."

"ನನಗ ಮಣ್ಣು ಹಾಕತೀಯೇನೋ ಭಾಡ್ಯಾ! ಏಳು! ಇನ್ನೊಮ್ಮೆ ನನ್ನ ಹೊಸ್ತಲಾ ತುಳೀಬ್ಯಾಡ!"

ಅಂವ ನನ್ನ ಮಾರಿ ನೋಡಿದ. ಏನೂ ತಿಳೀಲಿಲ್ಲ ಅಂವಗ. ಕಡದ ಉಂಡಿ ತಾಟಿನ್ಯಾಗ ಇಟ್ಟು ಎದ್ದ ಹೋದ. ಎಂಟು ದಿನಕ್ಕ ಅಂವನ ಹೆಂಡತಿ, ನನ್ನ ನೆಗೆಣ್ಣಿ, ಬಾಗಲದಾಗ ನಿಂತು "ಟಾಕಿ ಜಾಗಾ ಬದಲಿ ಮಾಡಬೇಕಂತ ಅಕ್ಕಾ" ಅಂದ್ಲು. "ನನ್ನ ಪಾಲು, ನನ್ನ ಮನಸು" ಅಂತ ಬಾಗಲಾ ಹಾಕಿದೆ. ಟಾಕಿ ಅಲ್ಲೇ ಕಟ್ಟಿಸಿದೆ.

ಎರಡು ವರ್ಷಕ್ಕ ಅಂವ ಸತ್ತಾ. ನಾ ಮಣ್ಣಿಗೆ ಹೋಗಲಿಲ್ಲ. ಟಾಕಿ ತೊಳ್ಯಾಕತ್ತೇನಿ ಅಂತ ಹೇಳಿ ಕಳಿಸಿದೆ. ಹೌದ್ರಿ, ಹಂಗ ಹೇಳಿದೆ.

ಹೋದ ಮಳಿಗಾಲದಾಗ ಆ ಟಾಕಿ ಒಂದ ಮಗ್ಗಲಕ್ಕ ವಾಲಿ, ಧಡಲ್ ಅಂತ ನೆಲದಾಗ ಇಳೀತು. ಗೌಂಡಿ ಬಂದು ಬಗ್ಗಿ ನೋಡಿ, "ಅಮ್ಮಾರ, ಕೆಳಗ ಹಗೇವು ಐತ್ರಿ!" ಅಂದಾ. ಹಗೇವು ಅಂದರ ಹಿಂದಿನವರು ನೆಲದಾಗ ಕುಣಿ ತೋಡಿ ಜ್ವಾಳಾ ತುಂಬಿಡತಿದ್ದದ್ದು. ಬಾಯಿ ಸಣ್ಣದು, ಒಳಗ ಕ್ವಾಣಿಯಷ್ಟ ಅಗಲ, ಪೂರಾ ಪೊಳ್ಳು.

"ಇದಕ್ಕ ಹಗೆ ಅಂತಾನೂ ಅಂತಾರೇನಪಾ?"

"ಹ್ಞೂಂರಿ, ನಮ್ಮೂರ ಕಡೆ ಬರೇ ಹಗೆ ಅಂತಾರ."

ನಾವು ಮನಿಮಂದಿ ಹಗೇವು ಅಂತಿದ್ವಿ. ಊರೂರು ತಿರಗಿದ ಅಂವನ ಬಾಯಾಗ ಅದು ಹಗೆ ಆಗಿತ್ತು. ಇಷ್ಟ ನೋಡ್ರಿ ವ್ಯತ್ಯಾಸ. ನಾ ಕಲ್ಲಿನ ಮ್ಯಾಲ ಕುಂತೆ. ಅಳಲಿಲ್ಲ, ಅಳೂ ಸ್ವಭಾವ ನಂದಲ್ಲ. ಊಟಾ ಮಾತ್ರ ಸೇರಲಿಲ್ಲ.

ಮರುದಿನ ಮುಂಜಾನೆ ನೆಗೆಣ್ಣಿ ಓಣಿಗೆ ಹೋದೆ. ಹೆಣ್ಣಮಕ್ಕಳು ಅಂಗಳಾ ಹೊಡದು ರಂಗೋಲಿ ಹಾಕಾಕತ್ತಿದ್ರು. "ಒಳಗ ಬಾ ಅಕ್ಕಾ" ಅಂದ್ಲು ಆಕಿ. ಹೋಗಲಿಲ್ಲ. ಬೈದಿದ್ದು ಎಲ್ಲಾರ ಮುಂದ, ಇದೂ ಎಲ್ಲಾರ ಮುಂದ ಆಗಬೇಕು. ನಡು ಓಣ್ಯಾಗ ನಿಂತು, "ನಿನ್ನ ಗಂಡ ಖರೇ ಹೇಳಿದ್ದಾ, ತಿಳೀಲಾರದಾಕಿ ನಾನ" ಅಂತ, ಕಡೀ ಮನಿಗೂ ಕೇಳೂಹಂಗ ಒದರಿ ಹೇಳಿದೆ.