ಕೆಂಪು ಚುಕ್ಕೆಯ ಗಸ್ತು

ಪೊಲೀಸರ ಗಸ್ತಿಗೂ ಶಾಲಾ ಮೇಷ್ಟರ ಶಾಯಿಗೂ ಏನು ಸಂಬಂಧ ಎಂದು ಹೊರಗಿನವರು ಕೇಳಬಹುದು. ಮೂಡಿಗೆರೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಅದೊಂದು ಮಂಗಳವಾರ ಮೂರನೆಯ ತರಗತಿಗೆ ಉಕ್ತಲೇಖನ ಹೇಳುತ್ತಿದ್ದೆ. ಹೊಸದಾಗಿ ಬಂದ ಇನ್‌ಸ್ಪೆಕ್ಟರು ಒಳಗೆ ಬಂದರು. ಅಲ್ಲಿಂದ ಶುರುವಾಯಿತು.

೧. ನಕ್ಷೆ

“ಮೇಷ್ಟ್ರೇ, ನಿಮ್ಮ ಕೈ ಚೆನ್ನಾಗಿದೆಯಂತೆ. ತಾಲ್ಲೂಕಿನ ನಕ್ಷೆ ಬರೆದುಕೊಡಿ. ಠಾಣೆಯ ಪುಸ್ತಕ ನೋಡಿ ಕಳವಾದ ಕಡೆಯೆಲ್ಲ ಕೆಂಪು ಚುಕ್ಕೆ ಇಡಿ. ಚುಕ್ಕೆ ಎಲ್ಲಿ ಹೆಚ್ಚೋ ಅಲ್ಲಿಗೆ ಪೇದೆ.”

ಬರೆದೆ. ಎಸ್ಟೇಟುಗಳ ಕಡೆ ನಕ್ಷೆ ಖಾಲಿ. ಚುಕ್ಕೆಗಳೆಲ್ಲ ಬಂದು ಕೂತಿದ್ದು ನಮ್ಮ ಬೀದಿಯಲ್ಲಿ.

“ನಿಮ್ಮದೇನು ಕಳ್ಳರ ಬೀದಿಯೇನ್ರೀ?” ಎಂದರು ಇನ್‌ಸ್ಪೆಕ್ಟರು.

ಕಾರಣ ನನಗೆ ಗೊತ್ತಿತ್ತು. ಬೀದಿಯಲ್ಲಿ ಯಾರು ಏನು ಕಳಕೊಂಡರೂ ನನ್ನಾಕೆ ಕರೆದು ಜಗಲಿಯಲ್ಲಿ ಕೂರಿಸಿ, “ಅಳಬೇಡಿ, ಇವರು ಅರ್ಜಿ ಬರ್ಕೊಡ್ತಾರೆ” ಎನ್ನುತ್ತಿದ್ದಳು. ಎಸ್ಟೇಟಿನಲ್ಲೂ ಕೋಳಿ ಹೋಗುತ್ತವೆ. ಆದರೆ ಒಂದು ಕೋಳಿಗಾಗಿ ದಿನದ ಕೂಲಿ ಬಿಟ್ಟು ಠಾಣೆಗೆ ನಡೆಯುವವರು ಯಾರು? ಇದನ್ನೆಲ್ಲ ವಿವರಿಸಿದೆ.

ಇನ್‌ಸ್ಪೆಕ್ಟರು ನಕ್ಕರು. “ನಕ್ಷೆ ಸುಳ್ಳು ಹೇಳತ್ತಾ ಮೇಷ್ಟ್ರೇ? ಬರೆದವರು ನೀವೇ ಅಲ್ವಾ?”

೨. ಗಂಟು

ಒಬ್ಬ ಪೇದೆ ಬಂದ. ಬೀದಿಯ ಕೊನೆಯಲ್ಲೇ ಹೆಂಡತಿಯೊಂದಿಗೆ ಬಿಡಾರ ಹೂಡಿದ. ಗಂಟು ಹೊತ್ತವರನ್ನೆಲ್ಲ ನಿಲ್ಲಿಸಿ ಕೇಳಬೇಕೆಂದು ಅವನಿಗೆ ಹುಕುಂ ಆಗಿತ್ತು. ಮೊದಲು ಸಿಕ್ಕವನು ನಾನು.

“ಏನಿದೆ ಮೇಷ್ಟ್ರೇ?”

“ಮಕ್ಕಳ ಕಾಪಿ ಪುಸ್ತಕ. ಇಪ್ಪತ್ತಾರು.”

ರಸ್ತೆಯಲ್ಲೇ ಕೂತು ಎಣಿಸಿದ. “ಇಪ್ಪತ್ತೈದೇ ಇವೆಯಲ್ಲ! ಒಂದು ಕಳವಾಗಿದೆ. ಅರ್ಜಿ ಬರೀರಿ.”

“ಯಾರ ಮೇಲಪ್ಪ?”

“ಅದನ್ನ ನಾನು ನೋಡ್ಕೋತೀನಿ. ಮೊದಲು ನೀವು ಒಂದು ಚುಕ್ಕೆ ಇಡಿ.”

೩. ಶಾಂತಿ

ಆಷಾಢದಲ್ಲಿ ನನ್ನಾಕೆ ತೀರಿಕೊಂಡಳು. ನಾಲ್ಕು ದಿನದ ಜ್ವರ. ಶಾಲೆಯಿಂದ ಬಂದವನು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅರ್ಜಿ ಬರೆಸಲು ಬಂದವರು ಜಗಲಿಯಿಂದಲೇ ಹಿಂತಿರುಗುತ್ತಿದ್ದರು. ಮೂರು ತಿಂಗಳು ನಕ್ಷೆಯಲ್ಲಿ ಒಂದು ಚುಕ್ಕೆಯೂ ಬೀಳಲಿಲ್ಲ.

ಮೇಲಿನ ಕಚೇರಿಯಿಂದ ಇನ್‌ಸ್ಪೆಕ್ಟರಿಗೆ ಮೆಚ್ಚುಗೆಯ ಕಾಗದ ಬಂತು. ಗಸ್ತಿಗೆ ಹೆದರಿ ಕಳ್ಳರು ಊರು ಬಿಟ್ಟರಂತೆ.

೪. ಬಾಗಿಲು

ಕಳ್ಳರೇ ಇಲ್ಲದ ಬೀದಿಗೆ ಪೇದೆ ಯಾಕೆ? ಅವನನ್ನು ಕೊಟ್ಟಿಗೆಹಾರದಾಚೆಯ ಘಾಟಿಯ ತಪಾಸಣೆ ನಾಕಾಕ್ಕೆ ವರ್ಗ ಮಾಡಿದರು. ಒಂದು ಭಾನುವಾರ ಬೆಳಿಗ್ಗೆ ಬಂದು ಬಾಗಿಲು ಬಡಿದ.

“ಮೇಷ್ಟ್ರೇ, ನನ್ನ ಹೆಂಡ್ತಿಗೆ ಒಂಬತ್ತು ತುಂಬಿದೆ. ಅಲ್ಲಿ ಸೂಲಗಿತ್ತಿ ಇಲ್ಲ, ಬರೀ ಜಿಗಣೆ. ಉಳಿಸ್ಕೊಡಿ.”

“ಕಳವು ಆಗದಿದ್ದರೆ ನಾನೇನು ಮಾಡಲಿ ಮಾರಾಯ? ಸುಳ್ಳು ಅರ್ಜಿ ಬರೆಯಲಾರೆ.”

“ಸುಳ್ಳು ಬೇಡ ಸ್ವಾಮಿ. ನೀವು ಬಾಗಿಲು ತೆಗೆದಿಡಿ ಸಾಕು, ಕಳವು ತಾನಾಗೇ ಆಗತ್ತೆ.”

ತೆಗೆದಿಟ್ಟೆ. ಮಧ್ಯಾಹ್ನದೊಳಗೆ ಜಗಲಿಯಲ್ಲಿ ಐದು ಜನ. ಮೂವರದು ಕೋಳಿ, ಒಬ್ಬರದು ಕೊಡೆ, ಒಬ್ಬರದು ಹಿತ್ತಾಳೆ ಚೊಂಬು. ಎಲ್ಲವೂ ಆ ಮೂರು ತಿಂಗಳಲ್ಲಿ ಹೋದವೇ. ಕಳವಾದ ದಿನವನ್ನು ಪ್ರತಿ ಅರ್ಜಿಯಲ್ಲೂ ಬರೆದೆ. ಠಾಣೆಯಲ್ಲಿ ಇನ್‌ಸ್ಪೆಕ್ಟರು ಅರ್ಜಿಗಳನ್ನು ಎಣಿಸಿದರು, ಓದಲಿಲ್ಲ.

“ಏನ್ರೀ ಇದು! ಪೇದೆ ಇನ್ನೂ ಗಂಟುಮೂಟೆ ಕಟ್ಟಿಲ್ಲ, ಹೋಗ್ತಾನೆ ಅನ್ನೋ ಸುದ್ದಿಗೇ ಐದು ಕಳವಾ?” ಎಂದು ಅಲ್ಲೇ ನಿಂತು ವರ್ಗ ರದ್ದು ಮಾಡಿದರು.

ಮುಂದಿನ ಶುಕ್ರವಾರ ಪೇದೆಗೆ ಹೆಣ್ಣು ಮಗು ಹುಟ್ಟಿತು.