ಭಾವನ ಹಳದಿ ಚೀಟಿ

ನಮ್ಮ ಭಾವನ ಕೈಗೆ ಸಿಕ್ಕ ಯಾವ ವಸ್ತುವೂ ತಪಾಸಣೆಯಿಲ್ಲದೆ ಪಾರಾದದ್ದಿಲ್ಲ. ನನ್ನ ಗಂಡನೂ ಪಾರಾಗಲಿಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಕ್ವಾಲಿಟಿ ಇನ್ಸ್‌ಪೆಕ್ಟರ್. ಅಲ್ಲಿ ತಯಾರಾಗುವ ಗೇರು, ಬುಷ್ಷುಗಳಂಥ ಯಂತ್ರದ ಬಿಡಿಭಾಗಗಳನ್ನು ಅಳೆದು ನೋಡುವುದು ಅವರ ಕೆಲಸ. ಸರಿಯಿದ್ದರೆ ಹಸಿರು ಸ್ಟಿಕ್ಕರ್, ಕೆಟ್ಟಿದ್ದರೆ ಕೆಂಪು. ತುಸು ಹೆಚ್ಚುಕಮ್ಮಿಯಿದ್ದರೂ ಬಳಸಬಹುದಾದ ಮಾಲಿಗೆ ಹಳದಿ ಚೀಟಿ. ಅದರಲ್ಲಿ ಕೊರತೆ ಏನು, ಕಾರಣ ಏನು, ತೀರ್ಮಾನ ಏನು ಎಂದು ಬರೆದು ಸಹಿ ಹಾಕಬೇಕು. ಇದನ್ನೆಲ್ಲ ಕಾರ್ಖಾನೆಯ ಗೇಟಿನೊಳಗೇ ಮಾಡಿಕೊಂಡಿದ್ದರೆ ಯಾರ ತಕರಾರೂ ಇರಲಿಲ್ಲ. ಆದರೆ ಮೂರು ಬಣ್ಣಗಳೂ ಭಾವನ ಜೇಬಿನಲ್ಲಿ ಕೂತು ಮನೆಗೂ ಬರುತ್ತವೆ. ಒಮ್ಮೆ ಅವರ ಮನೆಯ ಫ್ರಿಜ್ಜಿನ ಮೇಲೆ ಹೀಗೊಂದು ಹಳದಿ ಚೀಟಿ ಅಂಟಿತ್ತು: "ಉಪ್ಪಿಟ್ಟು ತಳ ಹತ್ತಿದೆ. ಕಾರಣ: ಹೆಂಡತಿ ತಂಗಿಯ ಜೊತೆ ಫೋನಿನಲ್ಲಿದ್ದಳು. ತೀರ್ಮಾನ: ಸ್ವೀಕರಿಸಬಹುದು." ನನ್ನನ್ನು ನೋಡಲು ಹುಡುಗ ಬಂದುಹೋದ ಸಂಜೆ ಅಮ್ಮನ ಕೈಗೂ ಒಂದು ಬಂತು: "ಎತ್ತರ ಎರಡು ಇಂಚು ಕಡಿಮೆ. ಕಾರಣ: ಅವರಪ್ಪ. ತೀರ್ಮಾನ: ಸ್ವೀಕರಿಸಬಹುದು." ನನ್ನ ಗಂಡ ಆ ಚೀಟಿಯನ್ನು ಇವತ್ತಿಗೂ ಪರ್ಸಿನಲ್ಲಿಟ್ಟುಕೊಂಡಿದ್ದಾನೆ, ನಾನು ಜಗಳ ತೆಗೆದಾಗಲೆಲ್ಲ ಆಧಾರಸಮೇತ ತೋರಿಸುತ್ತಾನೆ.

ಇಂಥವರ ಕೈಗೆ ಅಕ್ಕನ ಕೆನಡಾ ಕಾಗದಪತ್ರಗಳು ಸಿಕ್ಕರೆ ಏನಾಗಬೇಡ?

ಅಕ್ಕ ನರ್ಸ್. ಕೆನಡಾಕ್ಕೆ ಹೋಗಿ ಕೆಲಸ ಮಾಡಬೇಕೆಂಬುದು ಅವಳ ಬಹಳ ದಿನದ ಆಸೆ. ನೀನು ಹೊರಡು, ನಿನ್ನ ಹಿಂದೆ ನಾನೂ ಮಗಳೂ ಬರುತ್ತೇವೆ, ಅಲ್ಲಿಯೂ ಗೇರುಗಳಿರುತ್ತವೆ ಎಂದವರು ಭಾವ. ಆದರೆ ಆ ದೇಶದವರು ಸುಮ್ಮನೆ ಒಳಗೆ ಬಿಟ್ಟುಕೊಳ್ಳುತ್ತಾರೆಯೇ? ಇಲ್ಲಿನ ಬಿ.ಎಸ್ಸಿ. ನರ್ಸಿಂಗ್ ಅಲ್ಲಿನ ಯಾವ ಓದಿಗೆ ಸಮ ಎಂದು ಅಲ್ಲಿನ ಸಂಸ್ಥೆಯೊಂದು ಮೊದಲು ಅಳೆದು ಹೇಳಬೇಕಂತೆ. ಓಹೋ, ಅವರೂ ನಮ್ಮ ಕಸುಬಿನವರೇ ಎಂದು ಭಾವನಿಗೆ ಬಲು ಖುಷಿಯಾಯಿತು. ಅಳೆಯುವುದಕ್ಕೆ ಅವರಿಗೆ ನಾಲ್ಕು ವರ್ಷದ ಅಂಕಗಳ ಪಟ್ಟಿ ಬೇಕು. ಅದನ್ನು ವಿಶ್ವವಿದ್ಯಾಲಯವೇ ಲಕೋಟೆಯಲ್ಲಿಟ್ಟು ಅಂಟಿಸಿ, ಅಂಟಿನ ಮೇಲೆ ಮೊಹರು ಒತ್ತಿ ಕೊಡಬೇಕು. ಬಿಚ್ಚಿದ ಲಕೋಟೆಯನ್ನು ಅವರು ಮೂಸಿಯೂ ನೋಡುವುದಿಲ್ಲ. ಸಾಲದ್ದಕ್ಕೆ, ಯಾರನ್ನು ಒಳಗೆ ಬಿಡಬೇಕೆಂದು ಲೆಕ್ಕ ಹಾಕುವಾಗ ವಯಸ್ಸಿಗೂ ಅಂಕ! ಆಗಸ್ಟಿನಲ್ಲಿ ಅಕ್ಕನಿಗೆ ಮೂವತ್ತೇಳು ತುಂಬುತ್ತಿತ್ತು. ಅಷ್ಟರೊಳಗೆ ಆ ಸಂಸ್ಥೆಯ ವರದಿ ಬಾರದಿದ್ದರೆ ಅಂಕ ಇಳಿದು, ಅವಳಿಗೆ ಅವಕಾಶವೇ ತಪ್ಪುವ ಹಾಗಿತ್ತು. ಹುಟ್ಟುಹಬ್ಬ ಬಂದರೆ ಮಾರ್ಕ್ಸ್ ಕಡಿಮೆ ಮಾಡುವ ಪರೀಕ್ಷೆಯನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಮೇ ತಿಂಗಳಲ್ಲಿ ಭಾವ ರಜೆ ಹಾಕಿ ವಿಶ್ವವಿದ್ಯಾಲಯಕ್ಕೆ ಹೋಗಿ ಲಕೋಟೆ ತಂದರು. ಮರುದಿನ ಕೊರಿಯರ್‌ಗೆ ಕೊಡಲೆಂದು ಅಕ್ಕ ಅದನ್ನು ಕೈಗೆತ್ತಿಕೊಂಡರೆ, ವಿಶ್ವವಿದ್ಯಾಲಯದ ನೇರಳೆ ಮೊಹರಿನ ಪಕ್ಕದಲ್ಲೇ ನೀಟಾಗಿ ಒಂದು ಹಸಿರು ಸ್ಟಿಕ್ಕರ್! ಭಾವ ಬ್ಲೇಡಿನಿಂದ ಬಿಚ್ಚಿ, ಒಳಗಿನದನ್ನು ನೋಡಿ, ಗೋಂದು ಹಚ್ಚಿ ಮುಚ್ಚಿ, ಪಾಸು ಮಾಡಿದ್ದರು.

"ಬಿಚ್ಚಬಾರದು ಅಂತ ಮೇಲೇ ಬರ್ದಿದೆಯಲ್ರೀ," ಎಂದಳು ಅಕ್ಕ.

"ಅದು ಬೇರೆಯವರಿಗೆ. ಚೆಕ್ ಮಾಡ್ದೆ ಮಾಲು ಗೇಟ್ ದಾಟ್ಸೋಕಾಗುತ್ತಾ?"

ಅಕ್ಕ ಕೂಗಾಡಲಿಲ್ಲ. ಕುರ್ಚಿಯಲ್ಲಿ ಕೂತು ಅತ್ತುಬಿಟ್ಟಳು. ಡ್ಯೂಟಿ ಮುಗಿಸಿ ಬರುವ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಇಂಗ್ಲಿಷ್ ಪರೀಕ್ಷೆಗೆ ಓದಿದವಳು ಅವಳು. ಭಾವನ ಮುಖ ನೋಡುವ ಹಾಗಿರಲಿಲ್ಲ. ಲಕೋಟೆಯನ್ನು ತಮ್ಮ ಬೀರುವಿಗೆ ಹಾಕಿ, ಅವತ್ತೇ ಹೊಸದಕ್ಕೆ ಅರ್ಜಿ ಕೊಡಲು ಹೊರಟರು. ಮೂರು ದಿನ ಅಕ್ಕ ಅವರ ಜೊತೆ ಮಾತಾಡಲಿಲ್ಲ. ಆ ಮೂರು ದಿನ ಯಾವ ಉಪ್ಪಿಟ್ಟಿಗೂ ಚೀಟಿ ಬೀಳಲಿಲ್ಲ.

ಆಮೇಲೆ ಪ್ರತಿ ಮಂಗಳವಾರ ಭಾವ ವಿಶ್ವವಿದ್ಯಾಲಯದ ಕಿಟಕಿಯ ಮುಂದೆ ಹಾಜರು. ಎರಡನೆಯ ವಾರ, ಒಳಗಿದ್ದ ಮೇಡಂ ಅವರ ಮೇಜು ಅಲುಗಾಡುವುದು ಕಣ್ಣಿಗೆ ಬಿತ್ತು. ಮೇಜು ಅಲ್ಲಾಡಿದರೆ ಮೊಹರು ಸೊಟ್ಟಗಾಗುವುದಿಲ್ಲವೇ? ಒಳಗೆ ಹೋಗಿ, ಜೇಬಿನಿಂದ ಎರಡು ವಾಷರ್ ತೆಗೆದು ಮೇಜಿನ ಕಾಲಿಗೆ ಕೊಟ್ಟು, ಮಟ್ಟ ನೋಡಿ, ಹಸಿರು ಸ್ಟಿಕ್ಕರ್ ಅಂಟಿಸಿ ಬಂದರು! ಜುಲೈ ಕೊನೆಗೆ ಲಕೋಟೆ ಸಿದ್ಧವಾದಾಗ ಆ ಮೇಡಂ ತಾವೇ ಫೋನ್ ಮಾಡಿ ಕರೆದರಂತೆ.

ಈ ಸಲ ಭಾವನಿಗೆ ಕಾವಲಾಗಿ ಅಕ್ಕ ನನ್ನನ್ನು ಕಳಿಸಿದಳು. ಎಲೆಕ್ಟ್ರಾನಿಕ್ ಸಿಟಿಯ ನನ್ನ ಆಫೀಸಿನಲ್ಲಿ ಅತ್ತೆಗೆ ಹುಷಾರಿಲ್ಲವೆಂದು ಸುಳ್ಳು ಹೇಳಿ ಬಂದೆ. ಮೇಡಂ ಲಕೋಟೆ ಕೊಡುತ್ತಾ, "ಸಾರ್, ಇದನ್ನಾದ್ರೂ ಬಿಚ್ಚಬೇಡಿ," ಎಂದರು. ಮೆಟ್ರೊದಲ್ಲಿ ಭಾವ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಎರಡು ನಿಲ್ದಾಣ ಕಳೆಯುವಷ್ಟರಲ್ಲಿ ಅವರ ಹೆಬ್ಬೆರಳು ಅಂಟಿನ ಅಂಚನ್ನು ಸವರತೊಡಗಿತು. ನಾನು ಕೆಮ್ಮಿದೆ. ಬೆಳಕಿಗೆ ಹಿಡಿದು ನೋಡಿದರು. ನಾನು ಮತ್ತೆ ಕೆಮ್ಮಿದೆ. ಕೊನೆಗೆ ಲಕೋಟೆಯನ್ನು ನನ್ನ ಮಡಿಲಿಗೆ ಹಾಕಿ, ತಮ್ಮ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಕೊರಿಯರ್ ಅಂಗಡಿಯಿಂದ ಹೊರಬರುವಾಗ ಅವರ ಹಣೆ ಬೆವೆತಿತ್ತು.

"ಹತ್ತೊಂಬತ್ತು ವರ್ಷದಲ್ಲಿ ನೋಡ್ದೆ ಕಳ್ಸಿದ್ದು ಇದೊಂದೇ ಕಣಮ್ಮ," ಎಂದರು.

ಹುಟ್ಟುಹಬ್ಬಕ್ಕೆ ನಾಲ್ಕು ದಿನ ಇರುವಾಗ, ಒಂದು ಭಾನುವಾರ, ಇ-ಮೇಲ್‌ನಲ್ಲಿ ವರದಿ ಬಂತು. ನಾನು ಅವರ ಮನೆಯಲ್ಲೇ ಇದ್ದೆ. ಅಕ್ಕ ಆಸ್ಪತ್ರೆಯಿಂದ ಫೋನ್ ಮಾಡಿ, ತನ್ನ ಪದವಿ ಅಲ್ಲಿನ ಪದವಿಗೆ ಸರಿಸಮ ಎಂದು ಬರೆದಿದ್ದಾರೆ ಎಂದಳು. ಭಾವ ಫೋನ್ ಕಿತ್ತುಕೊಂಡು ಕೇಳಿದ್ದು ಒಂದೇ ಮಾತು: "ರಿಮಾರ್ಕ್ ಏನಾದ್ರೂ ಹಾಕಿದಾರಾ?" ಏನೂ ಇಲ್ಲ ಎಂದಳು. ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡು, ಅಕ್ಕನ ಪಾಸ್‌ಪೋರ್ಟ್ ಬೀರುವಿನಲ್ಲಿದೆ, ತೆಗೆದಿಡು ಎಂದು ನನಗೆ ಹೇಳಿ ಮೈಸೂರು ಪಾಕ್ ತರಲು ಓಡಿದರು.

ಪಾಸ್‌ಪೋರ್ಟಿನ ಕೆಳಗೆ ಆ ಮೊದಲ ಲಕೋಟೆ ಇತ್ತು, ಹಸಿರು ಸ್ಟಿಕ್ಕರಿನ ಸಮೇತ. ಇನ್ನು ಬಿಚ್ಚಿದರೇನು ಎಂದು ಬಿಚ್ಚಿದೆ. ಅಂಕಪಟ್ಟಿಯ ಎರಡನೆಯ ವರ್ಷದ ಸಾಲಿನ ಪಕ್ಕದಲ್ಲಿ ಒಂದು ಹಳದಿ ಚೀಟಿ ಪಿನ್ ಮಾಡಿತ್ತು. ಕೆನಡಾದವರಿಗೆಂದು, ಅಚ್ಚ ಕನ್ನಡದಲ್ಲಿ:

"ಎರಡನೇ ವರ್ಷ, ಒಂದು ವಿಷಯ ಫೇಲ್. ಕಾರಣ: ತಂದೆ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದರು. ತಾಯಿಗೆ ಗಾರ್ಮೆಂಟ್ಸ್‌ನಲ್ಲಿ ರಜೆ ಕೊಡಲಿಲ್ಲ. ತಂಗಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಇದ್ದುದರಿಂದ ಅವಳನ್ನು ಆಸ್ಪತ್ರೆಗೆ ಬರಗೊಡದೆ ಇವಳೊಬ್ಬಳೇ ನೋಡಿಕೊಂಡಳು. ತಂದೆ ಗುಣವಾದರು. ಮುಂದಿನ ಸಲ ಅದೇ ವಿಷಯದಲ್ಲಿ ಎಪ್ಪತ್ತೊಂದು ಅಂಕ. ತೀರ್ಮಾನ: ಸ್ವೀಕರಿಸಬಹುದು."

ಕೆಳಗೆ ಭಾವನ ಸಹಿ.

ಆ ತಂಗಿ ನಾನು. ಆ ವರ್ಷ ನನಗೆ ಫಸ್ಟ್ ಕ್ಲಾಸ್ ಬಂದಿತ್ತು. ಅಕ್ಕ ಫೇಲಾದಳೆಂದು ಗೊತ್ತಿತ್ತು. ಯಾಕೆಂದು ಇಷ್ಟು ವರ್ಷ ನಾನು ಕೇಳಿರಲೇ ಇಲ್ಲ. ಕಣ್ಣು ತುಂಬಿ ಅಕ್ಷರಗಳು ಕಾಣದಾದವು. ಲಕೋಟೆಯನ್ನು ಮತ್ತೆ ಅಂಟಿಸಲು ಮನಸ್ಸಾಗಲಿಲ್ಲ. ಡ್ಯೂಟಿ ಮುಗಿಸಿ ಬಂದವಳೇ ಅಕ್ಕ ನೋಡಲಿ ಎಂದು ಊಟದ ಮೇಜಿನ ಮೇಲೆ, ಹಳದಿ ಚೀಟಿ ಎದ್ದು ಕಾಣುವಂತೆ, ಬಿಚ್ಚಿಯೇ ಇಟ್ಟೆ.